ಭತ್ತದ ಮೇಲೆ ಹಾಸಿದ ಅರಮನೆ

ದೇವರಾಜ ಅರಸು ಬಡಾವಣೆ, ದಾವಣಗೆರೆ
20 ಜನವರಿ 2025

ಪ್ರೀತಿಯ ಆಸಿಮ್ ಭಾಯ್,

ಅಸ್ಸಲಾಮು ಅಲೈಕುಮ್. ಕೊಲ್ಹಾಪುರದಲ್ಲಿ ಚಳಿ ಹೇಗಿದೆ? ಲಾರಿಗಳಿಗೆ ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೋದ ಸಲ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಕಣ್ಣಿನದೊಂದು ಬಿಟ್ಟರೆ ಅಬ್ಬಾ ಚೆನ್ನಾಗಿದ್ದಾರೆ. ಪೊರೆ ಬೆಳೆದು ಎಲ್ಲವೂ ಮಂಜಿನೊಳಗಿಂದ ಕಂಡಂತೆ ಕಾಣುತ್ತದಂತೆ. ಬರುವ ತಿಂಗಳು ಮೂರನೇ ತಾರೀಖು ಆಪರೇಷನ್. ನಾಟಕದ ಪರದೆಗಳ ಮಾತೆತ್ತಿದರೆ ಸಾಕು, "ಕೆಲ್ಸದಾಗ ಅದೀನಿ, ಆಮ್ಯಾಲೆ ಮಾಡ್ತೀನಿ" ಎಂದು ಫೋನ್ ಇಡುತ್ತೀಯಲ್ಲ, ಅದಕ್ಕೇ ಈ ಕಾಗದ.

ಹರಿಹರದ ಮನೆ ಬಿಟ್ಟು ಬಂದಾಗ ಅಬ್ಬಾ ಚಿತ್ರ ಬರೆದ ನಾಟಕದ ಹನ್ನೆರಡು ಪರದೆಗಳು ಈ ಎರಡು ಕೋಣೆಗಳಲ್ಲಿ ಹಿಡಿಸಲಿಲ್ಲ. ಹರಿಹರದಲ್ಲೇ ನಾಗರಾಜಪ್ಪನವರ ಗೋದಾಮಿನಲ್ಲಿ ಒಂದು ಕೋಣೆಯನ್ನು ನೀನೇ ನಿನ್ನ ಹೆಸರಿಗೆ ಕರಾರು ಮಾಡಿಸಿ ಬಾಡಿಗೆಗೆ ಹಿಡಿದಿದ್ದೆ. ನೀನು ಹೋದ ಮೇಲೆ ಬಾಡಿಗೆ ನಾನು ಕಟ್ಟುತ್ತಿದ್ದೆ. ನಾನು ಹೊಲಿಯುತ್ತಿದ್ದ ಅಂಗಡಿ ಮುಚ್ಚಿತು ನೋಡು, ಆಗ ನಾಲ್ಕು ತಿಂಗಳು ತಪ್ಪಿತು. ನವೆಂಬರಿನಲ್ಲಿ ಬಾಕಿ ತೆಗೆದುಕೊಂಡು ಹೋದರೆ ಬಾಗಿಲಿಗೆ ಬೇರೆ ಬೀಗ, ಒಳಗೆ ಯಾರದೋ ಸಿಮೆಂಟು ಚೀಲಗಳು. "ಎಷ್ಟ್ ದಿನ ಕಾಯ್ಲಿ ತಂಗಿ? ಗುಜರಿಯವ್ರಿಗೆ ಹಾಕಿದೆ" ಎಂದರು ನಾಗರಾಜಪ್ಪ. ಹಳೇ ಪೇಪರು ತೂಕಕ್ಕೆ ಹಾಕಿದವರ ಹಾಗೆ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಬ್ಬಾಗೆ ಹೇಗೆ ಹೇಳಲಿ ಎಂದೇ ಕುಳಿತಿದ್ದೆ. ಹೇಳಿದೆ. ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, "ನಡಿ, ಹುಡುಕೋಣ" ಎಂದರು, ಅಷ್ಟೇ.

ಗಟ್ಟಿ ಬಟ್ಟೆ, ಭತ್ತ ಮುಚ್ಚಲಿಕ್ಕೆ ಬರುತ್ತದೆಂದು ಮಲೆಬೆನ್ನೂರಿನ ಕಡೆಯ ರೈತರು ಒಯ್ದರು ಎಂದ ಗುಜರಿಯವನು. ಮರುದಿನ ಹೋದೆವು. ಮಲೆಬೆನ್ನೂರು ದಾಟಿ ನಂದಿಗುಡಿಯ ದಾರಿಯಲ್ಲಿ ಇಳಿದು ನಡೆದೆವು. ಸಂಜೆ ಇಳಿಯುತ್ತಿತ್ತು, ಗದ್ದೆಗಳ ಮೇಲೆ ತೆಳ್ಳಗೆ ಮಂಜು. ಭಾಯ್, ನಾನು ಕಂಡದ್ದನ್ನು ಹೇಗೆ ಬರೆಯಲಿ? ಕಣದಲ್ಲಿ ಅರಮನೆ ಮಲಗಿತ್ತು. ಅಬ್ಬಾ ಬರೆದ ಕಂಬಗಳು, ಕಮಾನುಗಳು, ಗುಲಾಬಿ ಬಣ್ಣದ ಮೆಟ್ಟಿಲುಗಳು ಭತ್ತದ ರಾಶಿಯ ಏರಿಳಿತಕ್ಕೆ ಏರಿ ಇಳಿದಿದ್ದವು. ಗಾಳಿ ಬಂದಾಗ ಇಡೀ ದರ್ಬಾರು ಉಸಿರಾಡಿದಂತೆ ಅಲುಗುತ್ತಿತ್ತು. ಅಬ್ಬಾಗೆ ಅದು ಕಾಣಲಿಲ್ಲ. ಮಂಡಿಯೂರಿ ಅಂಚಿನಿಂದ ತಡವುತ್ತಾ ಹೋಗಿ, ಒಂದು ಕಡೆ ಕೈ ನಿಲ್ಲಿಸಿ, "ಇದು ಸಿಂಹಾಸನ" ಎಂದರು. ಅದು ಸಿಂಹಾಸನವೇ. ಅಂಟು ಕಲಸಿದ ಬಣ್ಣ ಇಬ್ಬನಿಗೆ ಕರಗಿ ಅಂಚಿನ ಭತ್ತವೆಲ್ಲ ತಿಳಿನೀಲಿಯಾಗಿತ್ತು.

ಅದನ್ನು ಕೊಂಡ ತಿಪ್ಪೇರುದ್ರಪ್ಪನವರು ಅಬ್ಬಾ ವಯಸ್ಸಿನವರು. ಮೊದಲು ನಾವು ಜಗಳಕ್ಕೆ ಬಂದವರೆಂದುಕೊಂಡರು. ಅಬ್ಬಾ ಹೆಸರು ಹೇಳಿದ ಕೂಡಲೇ ಟವೆಲ್ ಕೊಡವಿ ಹಾಸಿ, "ಕೂಡ್ರಿ ಸಾಹೇಬ್ರ. ತಂದಾಗಿಂದ ಇದರ ಮ್ಯಾಲ ಕಾಲಿಡಾಕ ಮನಸ್ಸು ಬಂದಿಲ್ಲ ನೋಡ್ರಿ. ಸುತ್ತು ಬಳಸಿ ಅಡ್ಡಾಡ್ತೀನಿ" ಎಂದರು. ಚಹಾ ತರಿಸಿದರು. ತಾವು ಕೊಟ್ಟ ದುಡ್ಡು ಕೇಳದೆ ಪರದೆ ಸುತ್ತಿ ಕೊಟ್ಟರು. "ಕೋರ್ಟ್‌ನಾಗ ಹೆಣ್ಮಕ್ಕಳಿಗೆ ಪುಕ್ಕಟೆ ವಕೀಲ್ರನ್ನ ಕೊಡ್ತಾರವ್ವ, ಸುಮ್ನಿರಬ್ಯಾಡ" ಎಂದವರೂ ಅವರೇ.

ಹಾಗೆ ಸಿಕ್ಕವರು ಸ್ನೇಹಾ ಮೇಡಂ. ನನಗಿಂತ ಚಿಕ್ಕವರು, ಮಾತು ಮಾತ್ರ ಕತ್ತರಿ. ಬಾಡಿಗೆ ಬಾಕಿ ಇರುವುದು ನಮ್ಮದೇ ತಪ್ಪಲ್ಲವೇ ಎಂದು ಅಳುಕುತ್ತಲೇ ಕೇಳಿದೆ. "ಬಾಕಿ ಐತೆ ಅಂದ್ರೆ ಅವ್ರು ಕೋರ್ಟಿಗೆ ಹೋಗಿ ಕೇಳ್ಲಿ. ಬೀಗ ಒಡೆದು ಸಾಮಾನು ಮಾರಾಕೆ ಅವ್ರ್ಯಾರು? ಕರಾರು ಯಾರ ಹೆಸ್ರಲ್ಲಿದ್ರೂ ಪರದೆ ನಿಮ್ಮಪ್ಪಾರದು" ಎಂದರು. ಅಬ್ಬಾ ಹೆಸರಿನಲ್ಲೇ ಅರ್ಜಿ ಕೊಟ್ಟೆವು. ಹೋದ ವಾರ ರಾಜಿಯಾಯಿತು. ನಾಗರಾಜಪ್ಪನವರೇ ಊರೂರು ತಿರುಗಿ ಇನ್ನೂ ಆರು ಪರದೆ ತಂದುಕೊಟ್ಟರು. ಉಳಿದ ಐದಕ್ಕೆ ಪರಿಹಾರ ಕೊಡುತ್ತಾರೆ, ಅದರಲ್ಲಿ ನಮ್ಮ ಬಾಕಿ ಮುರಿದುಕೊಂಡು. ಆದರೆ ನದಿಯ ಪರದೆಯೂ ಆ ಐದರಲ್ಲಿ ಒಂದು, ಸಿಗಲೇ ಇಲ್ಲ. ಎಲ್ಲೋ ಯಾರದೋ ಭತ್ತದ ಮೇಲೆ ಹರಿಯುತ್ತಿದೆ ಬಿಡು ಎನ್ನುತ್ತಾರೆ ಅಬ್ಬಾ. ಈಗ ಏಳೂ ಪರದೆ ಮನೆಯಲ್ಲೇ ಇವೆ, ಗೋಡೆಯುದ್ದಕ್ಕೆ. ನಾವು ಒಂದು ಪಕ್ಕಕ್ಕೆ ತಿರುಗಿ ಮಲಗುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಬ್ಬಾ ದುಆ ಹೇಳಿದ್ದಾರೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ರುಮಾನಾ

ಮರೆತಿಲ್ಲ, ಬರೆಯಲು ಕೈ ಬಂದಿರಲಿಲ್ಲ: ರಾಜಿಯ ದಿನ ನಾಗರಾಜಪ್ಪನವರು ಅಂಚೆಯ ಒಂದು ಸ್ವೀಕೃತಿ ಚೀಟಿ ತೋರಿಸಿದರು. ಮಾರುವ ಒಂದು ತಿಂಗಳು ಮೊದಲು, ಬಾಕಿ ಕಟ್ಟದಿದ್ದರೆ ಪರದೆ ಮಾರುತ್ತೇನೆಂದು ಕೊಲ್ಹಾಪುರಕ್ಕೆ ನಿನ್ನ ಹೆಸರಿಗೆ ನೋಟಿಸು ಕಳಿಸಿದ್ದರಂತೆ. ಚೀಟಿಯ ಮೇಲೆ ನಿನ್ನ ಸಹಿ ಇತ್ತು. ನೋಟಿಸು ಕೊಟ್ಟರೂ ತಾವೇ ಮಾರುವ ಹಕ್ಕು ಬರುವುದಿಲ್ಲ ಎಂದು ಸ್ನೇಹಾ ಮೇಡಂ ಅವರ ಬಾಯಿ ಮುಚ್ಚಿಸಿದರು. ಓದಲು ಕಣ್ಣು ಸಾಲದ ಅಬ್ಬಾ ಆ ಚೀಟಿಯಲ್ಲೇನಿತ್ತು ಎಂದು ಕೇಳಿದಾಗ, ನೋಟಿಸು ವಿಳಾಸ ತಪ್ಪಿ ಎಲ್ಲಿಗೋ ಹೋಗಿತ್ತು ಎಂದೆ. ನೀನು ಓದಿ ಸುಮ್ಮನಿದ್ದೆಯೋ, ಒಡೆದೇ ನೋಡಲಿಲ್ಲವೋ, ನಾನು ಕೇಳುವುದಿಲ್ಲ. ಅದನ್ನು ನೀನೇ ಅವರಿಗೆ ಹೇಳು. ಮೂರಕ್ಕೆ ಆಪರೇಷನ್, ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಅವರ ಮುಖ ನೋಡಿ ಹೇಳಲಾಗದಿದ್ದರೆ, ಬಿಚ್ಚುವ ಮೊದಲೇ ಬಂದು ಹೇಳು. ಬಿಚ್ಚುವಾಗ ಮಾತ್ರ ಎದುರಿಗೇ ಇರು.