ಸುಚೇತಾ ಅಜ್ಜಿಯ ಎಡಗೈ

ಕ್ರಿ.ಶ. 2211, ಹದಿಮೂರನೆಯ ತಿಂಗಳ ಎರಡನೆಯ ಬುಧವಾರ
ಜೋಡಿಕೆರೆ ಹಾಸ್ಟೆಲ್

ಸುಚೇತಾ ಅವರಿಗೆ,

ತಾರೀಕು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಏಪ್ರಿಲ್ ಮತ್ತು ಮೇ ತಿಂಗಳುಗಳಿಂದ ಸುಡುವ ದಿನಗಳನ್ನು ಕಿತ್ತು ನಾವು ಬೇರೆಯೇ ಒಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಸೆಕೆಮಾಸ ಎನ್ನುತ್ತೇವೆ. ಆಗ ಹಗಲಿನಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಭಾಷೆಗೂ ಕ್ಷಮೆ ಇರಲಿ. ಒಂದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್, ಉಳಿದದ್ದರಲ್ಲಿ ಅರ್ಧ ಮೆಸ್ಸಿನ ಮಾತು. ಹೆಸರು ನಿಂಗವ್ವ. ನಗಬೇಡಿ, ಈಗ ಇದೇ ಲೇಟೆಸ್ಟ್. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೂ ಮೇಲೆ ‘ಪ್ರೀತಿಯ’ ಎಂದು ಬರೆದಿಲ್ಲ. ಅದು ಮರೆವಲ್ಲ.

ಸೆಕೆಮಾಸದ ಸಂಜೆಗಳಲ್ಲಿ ನಮ್ಮಲ್ಲಿ ಮಡಿಲಾಟ ನಡೆಯುತ್ತದೆ. ಮಂಡಿ ಮಡಚಿ ಕೂತು, ಎರಡು ಮಂಡಿಗಳ ನಡುವೆ ಕರವಸ್ತ್ರದಷ್ಟು ಬಟ್ಟೆ ಬಿಗಿದು, ಹಿಂದೊಂದು ದೀಪವಿಟ್ಟು, ಜೋಳದ ಸಿಪ್ಪೆಯ ಕಾಗದದ ಗೊಂಬೆಗಳನ್ನು ಆಡಿಸುವುದು. ಹತ್ತು ಜನ ಎದುರು ಕೂತರೆ ಹೌಸ್‌ಫುಲ್. ಮೊನ್ನೆ ಕಾರಿಡಾರಿನುದ್ದಕ್ಕೂ ಇಂಥ ಪುಟ್ಟ ಪರದೆಗಳು ಬೆಳಗಿದ್ದವು. ಒಂದು ಪರದೆಯಲ್ಲಿ ಮೆಸ್ಸಿನ ಸೌಟು ಸಾರಿನೊಳಗೆ ಬೇಳೆ ಹುಡುಕಲು ಹೊರಟು ಮುಳುಗಿ ಸತ್ತಿತು. ಪಕ್ಕದಲ್ಲಿ ಚಪ್ಪಲಿ ಡಬ್ಬಿಯೊಳಗೆ ಕಾಗದದ ಇರುವೆಗಳ ಮದುವೆ. ಗಂಡಿನ ಕಡೆಯವರು ಸಕ್ಕರೆ ಕಡಿಮೆಯಾಯಿತೆಂದು ಜಗಳ ತೆಗೆದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ನನ್ನ ಪರದೆ ಬಿಗಿಯುತ್ತಿದ್ದೆ. ಕೊನೆಯ ಆಟ ನನ್ನದು.

ಕೊನೆಯದು ಯಾವಾಗಲೂ ಛೀಮಾರಿ ಆಟ. ಫಸ್ಟ್ ಇಯರಿನ ಒಬ್ಬರು ತಮ್ಮ ಮನೆತನದ ಹಿರಿಯರೊಬ್ಬರ ಗೊಂಬೆ ತರಬೇಕು, ಅದೂ ನಿಮ್ಮ ಕಾಲದವರದ್ದು. ಆ ಗೊಂಬೆಗೆ ಬಾಯಿ ಕತ್ತರಿಸುವುದಿಲ್ಲ. ಕೂತವರು ಬೈಯುತ್ತಾರೆ, ಗೊಂಬೆ ಕೇಳಿಸಿಕೊಳ್ಳುತ್ತದೆ. ಆಡಿಸುವವರು ಉಸಿರೆತ್ತಬಾರದು.

ನಮ್ಮ ಮನೆತನದಲ್ಲಿ ಉಳಿದಿರುವ ನಿಮ್ಮ ಒಂದೇ ಫೋಟೋ ನೋಡಿ ಗೊಂಬೆ ಕತ್ತರಿಸಿದೆ. ಈ ಪತ್ರ ಕೈಸೇರುವ ಹೊತ್ತಿಗೆ ನೀವು ಅದನ್ನು ತೆಗೆದು ಹೆಚ್ಚು ದಿನ ಆಗಿರಲಿಕ್ಕಿಲ್ಲ: ಹೊಸ ಫ್ಲ್ಯಾಟಿನ ಬಾಲ್ಕನಿ, ಫೋನು ಹಿಡಿದು ಚಾಚಿದ ಬಲಗೈ, ಕಂಬಿಯ ಮೇಲೆ ಎಡಗೈ, ಹಿಂದೆ ಜೋಡಿಕೆರೆ. ಕೆರೆಯ ಅಂಚಿನಲ್ಲಿ ಲಾರಿಗಳು ಮಣ್ಣು, ಒಡೆದ ಇಟ್ಟಿಗೆ ಸುರಿಯುತ್ತಿವೆ. ನೀವು ನಗುತ್ತಿದ್ದೀರಿ. ಎಂಥ ನಗು ರೀ ಅದು! ಆ ಲಾರಿಗಳು ತುಂಬಿಸಿದ ಜಾಗದ ಮೇಲೆಯೇ ನಮ್ಮ ಹಾಸ್ಟೆಲ್ ನಿಂತಿದೆ. ಇಲ್ಲಿ ದಿನಕ್ಕೆ ಒಬ್ಬರಿಗೆ ಒಂದು ಬಿಂದಿಗೆ ನೀರು.

ದೀಪ ಹಚ್ಚಿದ್ದೇ ಶುರುವಾಯಿತು.

“ಅಜ್ಜೀ, ಸ್ಮೈಲ್ ಪ್ಲೀಸ್!”

“ಒಂದ್ ಲೋಡ್ ನಮ್ ಮೆಸ್ಸಿಗೂ ಕಳ್ಸಜ್ಜಿ, ಸಾರು ಸ್ವಲ್ಪ ಗಟ್ಟಿ ಆಗ್ಲಿ!”

ನಿಮ್ಮ ಬಲಗೈ ಎತ್ತಿ ಇಳಿಸಿ ನಾನು ಸೆಲ್ಫಿ ತೆಗೆಸುತ್ತಿದ್ದೆ. ಚೆನ್ನಾಗಿಯೇ ಹೋಗುತ್ತಿತ್ತು. ಆಗ ಸೀನಿಯರ್ ಭೈರಕ್ಕ ಎದ್ದು ಬಂದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಅಂದಿನ ತನ್ನ ಬಿಂದಿಗೆಯನ್ನು ಜ್ವರ ಬಂದ ರೂಮ್‌ಮೇಟಿಗೆ ಕೊಟ್ಟು, ತುಟಿ ಒಡೆದುಕೊಂಡು ಬಂದಿದ್ದಳು. ಮೆಲ್ಲಗೆ ಕೇಳಿದಳು: “ಏನೇ ಸುಚೇತಾ, ಹಿಂದ್ಗಡೆ ಲಾರಿ ನಿಂತಿತ್ತಲ್ಲ, ಕಾಣ್ಲಿಲ್ವಾ?”

ನನ್ನ ಬಾಯಿಂದ ಬಂದೇಬಿಟ್ಟಿತು: “ಕಾಣ್ತು. ನಾನೊಬ್ಳು ಏನ್ ಮಾಡೋಕಾಗ್ತಿತ್ತು?”

ಬೈಯುತ್ತಿದ್ದವರೆಲ್ಲ ಗೊಂಬೆ ಬಿಟ್ಟು ನನ್ನ ಕಡೆ ತಿರುಗಿದರು. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನಿಮ್ಮ ಮೇಲಿನ ಕನಿಕರಕ್ಕಂತೂ ಅಲ್ಲ.

“ಮಾತಾಡ್ಸಿದ್ಯಲ್ಲ, ಪೂರ್ತಿ ಮಾತಾಡ್ಸು,” ಎಂದಳು ಭೈರಕ್ಕ. “ಏನ್ ಮಾಡ್ಬಹುದಿತ್ತು ಅಂತ ನಿಮ್ಮಜ್ಜೀನೇ ಹೇಳ್ಲಿ.”

ನಾನು ಗೊಂಬೆಯನ್ನು ಮಡಿಲಿಗೆ ಇಳಿಸಿದೆ. ಯಾರೋ ದೀಪ ಆರಿಸಿದರು.

ನಿಯಮ ಮುರಿದದ್ದಕ್ಕೆ, ಸೆಕೆಮಾಸದ ಕೊನೆಯ ಸಂಜೆ ನಾನು ಮತ್ತೆ ಆಡಬೇಕಂತೆ, ಉತ್ತರದ ಸಮೇತ. ಉತ್ತರವನ್ನು ಸೀನಿಯರ್‌ಗಳು ಒಪ್ಪದಿದ್ದರೆ ಹಾಸ್ಟೆಲ್ ಬಿಡಬೇಕು. ಹಾಸ್ಟೆಲ್ ಬಿಟ್ಟರೆ ನೀರಿನ ಸರದಿಯೂ ಹೋಯಿತು. ಹೊರಗೆ ನನ್ನನ್ನು ಸೇರಿಸಿಕೊಳ್ಳುವವರಿಲ್ಲ. ವಾರ್ಡನ್ ಮೇಡಂ ಹತ್ತಿರ ಹೋಗಿ ಅತ್ತೆ. “ಗೊಂಬೆ ನಿಂದು, ಮಾತೂ ನಿಂದು ಕಣಮ್ಮ,” ಎಂದು ಬಾಗಿಲು ಹಾಕಿಕೊಂಡರು. ನಗುತ್ತಾ ನಿಂತವರು ನೀವು, ಗಂಟುಮೂಟೆ ಕಟ್ಟಬೇಕಾದವಳು ನಾನು. ಇದು ಫೇರ್ ಏನ್ರೀ?

ಅದಕ್ಕೇ ಬರೆಯುತ್ತಿದ್ದೇನೆ. ಸಾರಿ ಹೇಳಬೇಡಿ, ಸಾರಿ ನಮ್ಮಲ್ಲಿ ಬೇಕಾದಷ್ಟಿದೆ, ನಿಮ್ಮ ನಂತರದವರು ಕಲ್ಲಿನಲ್ಲಿ ಕೆತ್ತಿಸಿಯೇ ಹೋಗಿದ್ದಾರೆ. ನೀವು ಆ ಬಾಲ್ಕನಿಯಿಂದ ಕೆಳಗಿಳಿಯಿರಿ. ಫೋಟೋದಲ್ಲಿ ಕೆರೆ ಇನ್ನೂ ಅರ್ಧ ಉಳಿದಿದೆ. ಲಾರಿಗೆ ಅಡ್ಡ ನಿಲ್ಲಿ. ಅಕ್ಕಪಕ್ಕದವರ ಬಾಗಿಲು ತಟ್ಟಿ. ಆಫೀಸಿನವರಿಗೆ ತಲೆನೋವಾಗಿ. ಹೇಗೆ ಎಂದು ನನ್ನನ್ನು ಕೇಳಬೇಡಿ. ನನಗೆ ಹದಿನೆಂಟು, ನಿಮಗೆ ನಲವತ್ತು.

ಇವತ್ತು ಬ್ಲೇಡು ತಗೊಂಡು ನಿಮ್ಮ ಗೊಂಬೆಯ ಎಡಗೈಯನ್ನು, ಅದರ ಜೊತೆಗೇ ಕತ್ತರಿಸಿದ್ದ ಕಾಗದದ ಕಂಬಿಯಿಂದ ಬಿಡಿಸಿದೆ. ಭುಜಕ್ಕೆ ದಾರದ ಗಂಟು ಹಾಕಿದ್ದೇನೆ, ಸಲೀಸಾಗಿ ಆಡುತ್ತದೆ. ಬಾಯಿ ಕತ್ತರಿಸಿಲ್ಲ, ನಿಮ್ಮ ಮಾತು ನನಗೆ ಬೇಡ. ಭೈರಕ್ಕ ಮತ್ತೆ ಕೇಳಿದಾಗ ಆ ಕೈಯನ್ನು ಕಾರಿಡಾರಿನ ಕಿಟಕಿಯ ಕಡೆಗೆ ಎತ್ತುತ್ತೇನೆ. ಎಲ್ಲರೂ ತಿರುಗಿ ನೋಡುತ್ತಾರೆ. ಫೋಟೋದಲ್ಲಿ ಅರ್ಧ ಕೆರೆ ಉಳಿದಿದ್ದ ಜಾಗ ಅದು; ಸದ್ಯಕ್ಕೆ ಅಲ್ಲಿರುವುದು ಧೂಳೆದ್ದ ಮೈದಾನ.

ಆ ಸಂಜೆ ಅಲ್ಲಿ ಏನು ಕಾಣಬೇಕೆಂಬುದು ನಿಮಗೆ ಬಿಟ್ಟದ್ದು. ನಾನಂತೂ ಕೈ ಎತ್ತಿಯೇ ಎತ್ತುತ್ತೇನೆ.

ನಿಂಗವ್ವ,
ಫಸ್ಟ್ ಇಯರ್