ಇಲಿ ಬಿದ್ದ ಮನೆಯ ಕ್ರಿಸ್ತಜಯಂತಿ

೧೯೦೨ ಡಿಸೆಂಬರ್ ೧೩, ಶನಿವಾರ

ಬೆಳಗ್ಗಿನಿಂದ ಒಲೆಯ ಮುಂದೆ. ಚಕ್ಕುಲಿ ಮುಗಿಯಿತು. ಸಿಹಿ ಹೂರಣದ ನೆವ್ರಿ ಅರ್ಧ. ಸೊಂಟ ನೋವು. ಕೆಲಸದ ದೇಯಿ ತೆಂಗಿನಕಾಯಿ ತುರಿಯುತ್ತಾ ಬಂದರಿನ ಸುದ್ದಿ ಶುರು ಮಾಡಿದಳು. ಮತ್ತೆ ಇಬ್ಬರಂತೆ. ಇಂದು ಜ್ವರ, ನಾಳೆ ತೊಡೆಸಂದಿಯಲ್ಲಿ ಗೆಡ್ಡೆ, ಆಮೇಲೆ ಹೆಣ.

"ಎಣ್ಣೆ ಕಾಯುವಾಗ ಹೆಣದ ಮಾತು ಎಂತಕ್ಕೆ ಮಾರಾಯ್ತಿ? ತೆಂಗಿನಕಾಯಿ ನೋಡು, ಕರಟ ಸಮೇತ ತುರೀತಿದ್ದಿ" ಎಂದೆ.

ಎದುರು ಮನೆಯ ಹಂಚು ಮೊನ್ನೆ ಇಳಿಸಿದರು. ಅಲ್ಲಿ ಇಲಿ ಸತ್ತು ಬಿದ್ದಿತ್ತು. ಪ್ಲೇಗಿನ ಇನ್‌ಸ್ಪೆಕ್ಟರ್ ಜನ ಕರೆತಂದು ಮಾಡಿನ ಹಂಚು ಪೂರಾ ತೆಗೆಸಿದ, ಬಿಸಿಲು ಬೀಳಲಿ ಎಂದು. ಮನೆಯವರನ್ನು ಊರ ಹೊರಗಿನ ಶೆಡ್ಡಿಗೆ ಕಳಿಸಿದರು. ಮಕ್ಕಳು ದಿಂಬು ಹೊತ್ತುಕೊಂಡು ಹೋದವು. ಬಂದರಿನಿಂದ ದೂರದ ನಮ್ಮ ಈ ಫಳ್ನೀರಿನಲ್ಲಿ ಪ್ಲೇಗು ಎಂದರೆ ಯಾರು ನಂಬುತ್ತಿದ್ದರು!

ಇರಲಿ. ಮಗ ಆರ್ಥರ್ ಬರುತ್ತಾನೆ! ಮುಂದಿನ ಶನಿವಾರ ಮುಲ್ಕಿಯಿಂದ ಗಾಡಿ. ಹೆಂಡತಿ ರಾಜೀವಿ, ಮಗಳು ಕಿನ್ನಿ ಎಲ್ಲರೂ. ಅಪ್ಪನ ಜೊತೆ ಜಗಳ ಮಾಡಿಕೊಂಡು ಹೋದವನು ಅಪ್ಪನ ಶವಸಂಸ್ಕಾರಕ್ಕೆ ಬಂದ, ಹಬ್ಬಕ್ಕೆ ಬರಲಿಲ್ಲ. ಕಿನ್ನಿಯನ್ನು ಎತ್ತಿಕೊಂಡದ್ದು ಜ್ಞಾನಸ್ನಾನದ ದಿನ ಮಾತ್ರ. ಈಗ ಐದು ವರ್ಷ ತುಂಬಿತಂತೆ. ನನ್ನನ್ನು ಅಜ್ಜಿ ಎನ್ನುತ್ತಾಳೋ, ಹೆದರಿ ಸೆರಗಿನ ಹಿಂದೆ ಅಡಗುತ್ತಾಳೋ...

ಹಬ್ಬಕ್ಕೆಂದು ಬಂದರಿನಿಂದ ಎರಡು ಮುಡಿ ಅಕ್ಕಿ ತರಿಸಿದ್ದೇನೆ. ಒಳ್ಳೆಯ ಅಕ್ಕಿ. ಒಂದು ಬಿಚ್ಚಿ ಪೀಪಾಯಿಗೆ ಸುರಿದೆ. ಮುಡಿ ಕಟ್ಟಿದ್ದ ಬೈಹುಲ್ಲು ಉಗ್ರಾಣದ ಮೂಲೆಯಲ್ಲಿ. ದನದವನಿಗೆ ಕೊಟ್ಟರಾಯಿತು.

೧೬, ಮಂಗಳವಾರ ಸಂಜೆ

ಬರೆಯಲೋ ಬೇಡವೋ. ಬರೆಯದಿದ್ದರೆ ಯಾರಿಗೆ ಹೇಳಲಿ.

ಇಲಿ ಬಿದ್ದಿದೆ. ನಮ್ಮ ಮನೆಯಲ್ಲಿ.

ಉಗ್ರಾಣದಲ್ಲಿ ವಾಸನೆ. ಬೆಕ್ಕು ಮೀನು ತಂದು ಹಾಕಿದೆಯೆಂದು ಬೈಯುತ್ತಾ ಮುಡಿ ಸರಿಸಿದೆ. ಹುಲ್ಲಿನ ಪಕ್ಕದಲ್ಲೇ ಮಲಗಿತ್ತು, ಹೊಟ್ಟೆ ಉಬ್ಬಿ. ತಿರುಗಿದರೆ ಬಾಗಿಲಲ್ಲಿ ದೇಯಿ.

"ಅಮ್ಮಾ, ಮುಟ್ಟಬೇಡಿ. ಮುನ್ಸಿಪಾಲಿಟಿಯವರಿಗೆ ಹೇಳಿ ಕಳಿಸಿ."

"ಬೆಕ್ಕು ಕಚ್ಚಿದ್ದು ಅದು."

"ಬೆಕ್ಕು ಕಚ್ಚಿದರೆ ರಕ್ತ ಇರ್ತದೆ. ಇದರಲ್ಲಿ ಎಲ್ಲಿ ಉಂಟು?"

"ನಿನಗೆ ಹೆದರಿಕೆಯಾದರೆ ಮನೆಗೆ ಹೋಗು" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅವಳು ನಿಜವಾಗಿಯೂ ಹೋದಳು. ತುರಿಮಣೆ ತೊಳೆಯದೆ ಹೋದಳು.

ಇಕ್ಕಳದಲ್ಲಿ ಹಿಡಿದು ಬಚ್ಚಲ ಒಲೆಗೆ ಹಾಕಿದೆ. ಕೂದಲು ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ.

ತಿಳಿಸಬೇಕು. ಗೊತ್ತು. ತಿಳಿಸಿದರೆ ಹಂಚು ಇಳಿಸುತ್ತಾರೆ, ನಾನು ಶೆಡ್ಡಿಗೆ, ಆರ್ಥರನಿಗೆ ಬರಬೇಡ ಎನ್ನಬೇಕು. ಅವನು ಅಪ್ಪನ ಹಾಗೆಯೇ, ಮೂಗಿನ ತುದಿಯಲ್ಲಿ ಸಿಟ್ಟು. ಈ ಸಲ ಬೇಡ ಎಂದರೆ ಇನ್ನು ಬರುವುದಿಲ್ಲ. ಇಲಿ ಎಂದ ಮೇಲೆ ಅದಕ್ಕೂ ಮುಪ್ಪು ಬರುವುದಿಲ್ಲವೇ, ಸಾಯುವುದಿಲ್ಲವೇ? ಒಂದೇ ಒಂದು ಇಲಿ.

೧೮, ಗುರುವಾರ

ದೇಯಿ ಬರಲಿಲ್ಲ. ನಿನ್ನೆಯೂ ಇಲ್ಲ. ಒಬ್ಬಳೇ ಉಗ್ರಾಣ ಸಾರಿಸಿದೆ, ಗಂಧಕದ ಹೊಗೆ ಹಾಕಿದೆ, ಫಿನಾಯಿಲ್ ಚೆಲ್ಲಿದೆ. ಹುಲ್ಲನ್ನು ಮುಟ್ಟಲು ಧೈರ್ಯ ಬರಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಇನ್‌ಸ್ಪೆಕ್ಟರ್ ಬೀದಿಯಲ್ಲಿ ಹೋದ. "ಅಮ್ಮಾ, ಎಂತಾದರೂ ಉಂಟಾ?" ಎಂದು ಗೇಟಿನಿಂದಲೇ ಕೇಳಿದ. "ಎಂತ ಇಲ್ಲ, ಹಬ್ಬದ ತಿಂಡಿ ಉಂಟು" ಎಂದೆ. ನಕ್ಕು ಹೋದ. ಒಳಗೆ ಬಂದು ಉಗ್ರಾಣದ ಬಾಗಿಲು ಮತ್ತೆ ಎಳೆದೆ.

೨೦, ಶನಿವಾರ ಸಂಜೆ

ಬಂದರು! ಕಿನ್ನಿ ಗಾಡಿಯಿಂದ ಇಳಿಯುವ ಮೊದಲೇ "ಅಜ್ಜೀ" ಎಂದಳು. ಅಳು ಬಂತು. ಹೊಗೆ ಎಂದು ಸುಳ್ಳು ಹೇಳಿದೆ. ಅಂಗಳದಲ್ಲಿ ಎಲ್ಲಿಯ ಹೊಗೆ? ರಾಜೀವಿ ನಕ್ಕಳು. ಒಳ್ಳೆಯ ಹುಡುಗಿ, ಸ್ವಲ್ಪ ಬಿಗಿ.

ಕಿನ್ನಿ ನೆವ್ರಿ ತಿಂದಳು, ಮತ್ತೆ ಬೇಕು ಎಂದಳು, ಮತ್ತೆ ತಿಂದಳು. ಆರ್ಥರ್ ಅಪ್ಪನ ಕುರ್ಚಿಯಲ್ಲಿ ಕೂರದೆ ಕೆಳಗೆ ಕೂತ. ನಾನೇ ಕೂರಿಸಿದೆ. ಮನೆಯಲ್ಲಿ ಮನುಷ್ಯರ ಸ್ವರ ಕೇಳದೆ ಎಷ್ಟು ಕಾಲವಾಯಿತು.

ಚಾವಡಿಯಲ್ಲಿ ಎಲ್ಲರಿಗೂ ಸಾಲಾಗಿ ಚಾಪೆ. ಕಿನ್ನಿಗೆ ನನ್ನ ಪಕ್ಕವೇ ಬೇಕಂತೆ. ಉಗ್ರಾಣದ ಬಾಗಿಲಿಗೆ ಬೀಗ ಹಾಕುವುದೆಂದಿದ್ದೆ, ಬೀಗ ಸಿಗಲಿಲ್ಲ. ಹೇಳಿದ್ದೇನೆ, ಅಲ್ಲಿಗೆ ಯಾರೂ ಹೋಗಬೇಡಿ, ಅಲ್ಲಿ ಚೇಳು ಉಂಟು ಎಂದು.

೨೧, ಭಾನುವಾರ

ದೇವರೇ.

ಆರಾಧನೆ ಮುಗಿಸಿ ನಾನೂ ರಾಜೀವಿಯೂ ಸಭೆಯ ಅಯ್ಯನವರ ಮನೆಗೆ ತಿಂಡಿ ಕೊಡಲು ಹೋದೆವು. ತಡವಾಯಿತು. ಕಿನ್ನಿ ಪಕ್ಕದ ರೋಮಿನ ಕಥೋಲಿಕರ ಮನೆಯಲ್ಲಿ ಬಾಲಯೇಸುವಿನ ಗೋದಲಿ ನೋಡಿ ಬಂದು, ನಮ್ಮ ಮನೆಯಲ್ಲೂ ಬೇಕು ಎಂದು ಅಪ್ಪನ ಹತ್ತಿರ ಹಟ ಹಿಡಿದಳಂತೆ. ಹಿಂದಿರುಗಿ ಬಂದು ನೋಡಿದರೆ ಚಾವಡಿಯ ಮೂಲೆಯಲ್ಲಿ ಗೋದಲಿ. ಕೋಲು ನಿಲ್ಲಿಸಿ, ತೆಂಗಿನ ಗರಿ ಹೊದಿಸಿ, ಒಳಗೆ ಬೈಹುಲ್ಲು.

ಉಗ್ರಾಣದ ಹುಲ್ಲು.

ಅದರ ಮೇಲೆ ಚಿಂದಿಯ ಗೊಂಬೆ. ಗೊಂಬೆಯ ಪಕ್ಕದಲ್ಲಿ ಕಿನ್ನಿ, ಕೆನ್ನೆ ಹುಲ್ಲಿಗೆ ಒತ್ತಿ, ಗಾಢ ನಿದ್ದೆ.

"ಚೇಳು ಒಂದೂ ಕಾಣಲಿಲ್ಲಮ್ಮ" ಎಂದು ಆರ್ಥರ್ ನಕ್ಕ. "ಚಂದ ಆಗಿದೆ ಅಲ್ವಾ?"

ಮಗುವನ್ನು ಎಳೆದು ಎತ್ತಿದೆ. ಬೆಚ್ಚಿ ಅತ್ತಳು. ಮೂರು ಸಂಜೆಯ ಹೊತ್ತಿನಲ್ಲಿ ಬಿಸಿನೀರು ಹುಯ್ದು ಉಜ್ಜಿ ಉಜ್ಜಿ ಮೀಯಿಸಿದೆ. "ಅಜ್ಜಿ, ಉರೀತದೆ" ಎಂದಳು. ಆದರೂ ಉಜ್ಜಿದೆ.

೨೨, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹುಲ್ಲನ್ನೆಲ್ಲ ಎದೆಗವಚಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಸುಟ್ಟೆ. ಗೊಂಬೆಯನ್ನೂ. ಕಿನ್ನಿ ಗೋಳೋ ಎಂದು ಅತ್ತಳು. ರಾಜೀವಿ ಮುಖ ಗಂಟಿಕ್ಕಿದಳು.

"ಮಗು ಮಾಡಿದ್ದನ್ನು ಸುಟ್ಟು ಹಾಕುವ ಅಗತ್ಯ ಎಂತ ಇತ್ತು, ಅತ್ತೆ?"

"ನಮ್ಮಲ್ಲಿ ಗೋದಲಿ ಮಾಡುವ ಕ್ರಮ ಇಲ್ಲ. ಅದು ರೋಮಿನವರದ್ದು."

ಎಂಥ ಮಾತು! ಹಾಗೆ ಹೇಳುವಷ್ಟು ಭಕ್ತಿ ನನಗೆಲ್ಲಿಂದ ಬಂತು. ಆರ್ಥರ್ ನನ್ನನ್ನೇ ನೋಡಿದ. ಅವನ ಅಪ್ಪ ಇಂಥದ್ದೇ ಮಾತು ಆಡಿ ಅವನನ್ನು ಕಳೆದುಕೊಂಡದ್ದು. ಅಂಗಳಕ್ಕೆ ಹೋಗಿ ನಿಂತ.

ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇಲಿ ಬಿದ್ದ ಮನೆಗೆ ಮಗುವನ್ನು ಕರೆದೆ ಎಂದು ಯಾವ ಬಾಯಲ್ಲಿ ಹೇಳಲಿ.

೨೩, ಮಂಗಳವಾರ

ದೇಯಿ ಬಂದಳು. ಗೇಟಿನ ಒಳಗೆ ಕಾಲಿಡಲಿಲ್ಲ. ಒಂದು ಗೊನೆ ಬಾಳೆಹಣ್ಣು ಕೆಳಗಿಟ್ಟು ದೂರ ನಿಂತಳು.

"ಮಗನಿಗೆ ಹೇಳಿದ್ರಾ?"

"ಮೆಲ್ಲ ಮಾತಾಡು."

"ಹೇಳಿಲ್ಲ. ನನಗೆ ಗೊತ್ತಿತ್ತು. ಅಮ್ಮಾ, ನಿಮ್ಮ ಅನ್ನ ತಿಂದಿದ್ದೇನೆ, ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಕೂಸು ಎಂತ ಮಾಡಿದೆ? ಡಾಕ್ಟರ್ ಸೂಜಿ ಹಾಕ್ತಾರಂತೆ. ಮೊದಲೇ ಹಾಕಿದರೆ ಬದುಕ್ತಾರಂತೆ."

"ಹಬ್ಬ ಒಂದು ಕಳೀಲಿ."

"ಹಬ್ಬ!" ಎಂದಳು. ಅಷ್ಟೇ. ಹೋದಳು.

ಕೋಪ ಬಂತು ಅವಳ ಮೇಲೆ. ಸರಿ ಹೇಳಿದವರ ಮೇಲೆಯೇ ಕೋಪ ಬರುವುದು.

೨೪, ಬುಧವಾರ ಸಂಜೆ

ಕಿನ್ನಿಗೆ ಜ್ವರ.

ಮಧ್ಯಾಹ್ನ ಊಟ ಬೇಡ ಎಂದಳು. ಹಣೆ ಕಾದ ಕಾವಲಿ. ಆರ್ಥರ್, ರಾಜೀವಿ ಹಾಡಿನ ಆರಾಧನೆಗೆ ಹೋಗಿದ್ದಾರೆ, ನಾನೇ ಕಳಿಸಿದೆ. ನೆವ್ರಿ ಹೆಚ್ಚಾಗಿದೆ, ನಾಳೆ ಸರಿಹೋಗ್ತದೆ, ನೀವು ಹೋಗಿ ಎಂದು. ಅವರು ತಿರುವು ದಾಟಿದ್ದೇ ಮಗುವಿನ ಲಂಗ ಸರಿಸಿ ತೊಡೆಸಂದಿ ಮುಟ್ಟಿ ನೋಡಿದೆ. ಕಂಕುಳು. ಕತ್ತು. ಏನೂ ಇಲ್ಲ. ಮತ್ತೆ ನೋಡಿದೆ. ಅವಸರದಲ್ಲಿ ಏನು ಮುಟ್ಟಿದೆನೋ ಏನು ಬಿಟ್ಟೆನೋ.

"ಕಚಗುಳಿ ಇಡಬೇಡ ಅಜ್ಜಿ" ಎಂದಳು.

ಮಣಿಯ ಸದ್ದು ಬರುತ್ತಿದೆ. ಪ್ರಾರ್ಥನೆಗೆ ಕೂತರೆ ಒಂದೇ ಮಾತು. ಇವಳನ್ನು ಬಿಡು. ಇವಳನ್ನು ಬಿಡು. ಬೇರೆ ಎಲ್ಲ ಮಾತು ಮರೆತುಹೋಗಿದೆ.

೨೫, ಗುರುವಾರ

ಕ್ರಿಸ್ತಜಯಂತಿ. ನೆರೆಹೊರೆಯವರು ತಟ್ಟೆ ಹಿಡಿದುಕೊಂಡು ಬಂದರು, ನಗುತ್ತಾ. ಅವರ ಮಕ್ಕಳು ಕಿನ್ನಿಯ ಹತ್ತಿರ ಹೋಗದಂತೆ ಬಾಗಿಲಲ್ಲೇ ಅಡ್ಡ ನಿಂತೆ. ಜ್ವರ ಇಳಿಯಲಿಲ್ಲ.

ರಾಜೀವಿ ಬಂದು ಪಕ್ಕದಲ್ಲಿ ಕೂತಳು. "ಅತ್ತೆ, ಮೊನ್ನೆ ಜೋರಾಗಿ ಮಾತಾಡಿದೆ, ಬೇಸರ ಮಾಡಬೇಡಿ. ಮಗುವಿನ ಮೇಲೆ ನಿಮಗಿರುವ ಜೀವ ನೋಡಿದೆ. ಎರಡು ದಿನದಿಂದ ನೀವು ಕೂತಲ್ಲಿ ಕೂರಲಿಲ್ಲ."

ಅವಳ ಒಳ್ಳೆಯ ಮಾತು ಪೆಟ್ಟಿಗಿಂತ ಜೋರು. ನಾಳೆ ಬೆಳಿಗ್ಗೆ ಇಳಿಯದಿದ್ದರೆ ಹೇಳಿಬಿಡುತ್ತೇನೆ. ಖಂಡಿತ.

೨೬, ಶುಕ್ರವಾರ

ಇಳಿಯಿತು! ಬೆವರಿ ಎದ್ದು "ಗಂಜಿ ಕೊಡು, ಉಪ್ಪಿನಕಾಯಿ ಬೇಕು" ಎಂದಳು. ಬರೀ ಅಜೀರ್ಣ. ಹೊಟ್ಟೆಬಾಕಿ! ನೆವ್ರಿ ಡಬ್ಬಿ ಮೇಲಿನ ಹಲಗೆಯಲ್ಲಿ ಅಡಗಿಸಿಟ್ಟೆ. ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ, ನಗುತ್ತಾ ಅತ್ತೆ. ಆರ್ಥರ್ ಇಣುಕಿ ನೋಡಿ "ಅಮ್ಮನಿಗೆ ಎಂತಾಯ್ತು ಮಾರಾಯ್ತಿ?" ಎಂದು ಹೆಂಡತಿಗೆ ಹೇಳಿದ.

ಸೋಮವಾರ ಮುಲ್ಕಿಗೆ ಹೊರಡುತ್ತಾರೆ. ದೇವರು ಕಣ್ಣು ಬಿಟ್ಟ. ಹೇಳುವ ಅಗತ್ಯವೇ ಇಲ್ಲ.

೨೭, ಶನಿವಾರ

ತಲೆ ಸಿಡಿಯುತ್ತಿದೆ. ನಿದ್ದೆಗೆಟ್ಟದ್ದು. ಚಳಿ. ಕಿನ್ನಿ ಬೆನ್ನ ಮೇಲೆ ಹತ್ತಿ ಕೂತಳು, ಇಳಿಸಿದೆ. ಶುಂಠಿ ಕಷಾಯ ಕುಡಿದೆ.

೨೮, ಭಾನುವಾರ

ಎಲ್ಲರೂ ಆರಾಧನೆಗೆ ಹೋಗಿದ್ದಾರೆ.

ತೊಡೆಸಂದಿಯಲ್ಲಿ ಗೆಡ್ಡೆ. ಬಲಗಡೆ. ಮುಟ್ಟಿದರೆ ಜೀವ ಹೋಗುತ್ತದೆ. ಮಗುವಿನ ಮೈಯಲ್ಲಿ ಹುಡುಕಿದ್ದು ನನ್ನಲ್ಲಿ ಸಿಕ್ಕಿತು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಗಾಡಿ. ಒಂದು ದಿನ ಹಲ್ಲು ಕಚ್ಚಿ ಮಲಗಿದರೆ ಅವರು ಹೊರಟುಹೋಗುತ್ತಾರೆ. ಶೆಡ್ಡು ಬೇಡ, ನಾಚಿಕೆಯೂ ಬೇಡ. ಆರ್ಥರನಿಗೆ ಅಮ್ಮ ಜ್ವರದಲ್ಲಿ ಹೋದಳು ಎಂದಷ್ಟೇ ಗೊತ್ತಾಗುತ್ತದೆ.

ಆದರೆ ಕಿನ್ನಿ ಆ ಹುಲ್ಲಿನಲ್ಲಿ ಮಲಗಿದವಳು. ನಿನ್ನೆ ಬೆನ್ನ ಮೇಲೆ ಕೂತವಳು. ಮುಲ್ಕಿಯಲ್ಲಿ ಜ್ವರ ಬಂದರೆ ಅಜೀರ್ಣ ಎನ್ನುತ್ತಾರೆ. ನನ್ನಿಂದಲೇ ಕಲಿತದ್ದು. ಇಲ್ಲಿ ಡಾಕ್ಟರ್ ಇದ್ದಾರೆ, ಸೂಜಿ ಉಂಟು.

ಹೆದರಿಕೆಯಾಗುತ್ತಿದೆ. ಸಾಯುವುದಕ್ಕಲ್ಲ. ಅವನ ಮುಖಕ್ಕೆ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ಬಾಗಿಲ ಹಿಂದಿನಿಂದಲೇ. ಇಲಿ, ಹುಲ್ಲು, ಗೆಡ್ಡೆ, ಎಲ್ಲ.

ಆಚೆಯಿಂದ ಆರ್ಥರ್, "ಯಾಕಮ್ಮ ಹೇಳಲಿಲ್ಲ?"

"ಹೇಳಿದ್ದರೆ ನೀನು ಬರ್ತಿರಲಿಲ್ಲ."

"ಬರ್ತಿರಲಿಲ್ಲ" ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡಾಕ್ಟರನ್ನು ಕರೆಯಲು ಓಡಿದ, ಮೆಟ್ಟು ಹಾಕದೆಯೇ. ರಾಜೀವಿ ಅಂಗಳದಲ್ಲಿ ಮಗುವಿನ ಬಟ್ಟೆ ಬಿಚ್ಚಿ ನೋಡುತ್ತಿದ್ದಾಳೆ, ಅಳುತ್ತಾ ಪ್ರಾರ್ಥಿಸುತ್ತಾ. ಏನೂ ಇಲ್ಲ ಎಂದು ಕೂಗಿ ಹೇಳಿದಳು, ನನಗೆ ಕೇಳಲಿ ಎಂದೇ.

ಮೈ ಬೆಂಕಿ. ಅಕ್ಷರ ಓಡುತ್ತಿವೆ.

ಕಿನ್ನಿ ಅಮ್ಮನ ಕೈ ತಪ್ಪಿಸಿಕೊಂಡು ಬಂದಿದ್ದಾಳೆ. "ಅಜ್ಜೀ, ಬಾಗಿಲು ತೆಗಿ. ಶೆಡ್ಡಿಗೆ ಹೋಗುವುದಂತೆ. ನೀನೂ ಬಾ." ದೂಡುತ್ತಿದ್ದಾಳೆ. ಅಗುಳಿ ಸಡಿಲ. ಬೆನ್ನು ಕೊಟ್ಟು ಕೂತಿದ್ದೇನೆ. ಸಣ್ಣ ಕೈಗೆ ಎಷ್ಟು ಬಲ...

ಹೋಗು ಎಂದೆ. ಹೋಗಲಿಲ್ಲ. ನೀನು ನನಗೆ ಬೇಡ, ನಿನ್ನನ್ನು ಕಂಡರೆ ಅಜ್ಜಿಗೆ ಆಗುವುದಿಲ್ಲ, ಮುಖ ತೋರಿಸಬೇಡ ಎಂದು ಕಿರುಚಿದೆ.

ದೂಡುವುದು ನಿಂತಿತು. ಹೆಜ್ಜೆ ಸದ್ದು. ಹೋಗುತ್ತಿದ್ದಾಳೆ, ಅಳುತ್ತಾ. ಹೋಗು ಚಿನ್ನ, ತಿರುಗಬೇಡ, ಇನ್ನೂ ಸ್ವಲ್ಪ ದೂರ, ಇನ್ನೂ