ನೀನು ಕೇಳಿದ ಕಪ್ಪು ಗಿಟಾರ್

ಕಾಲುವೆ ಕ್ಯಾಂಪ್, ಹುಣಸಗಿ
೨೨ ಮಾರ್ಚ್ ೧೯೯೯

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನ್ನ ಬಾಲಿಗೆ,

ನಿನ್ನ ಅವ್ವ ದೂರದಿಂದಲೇ ನಿನ್ನ ತಲೆ ಸವರಿದ್ದಾಳೆ ಅಂತ ತಿಳಿದುಕೋ. ಕಾಗದ ತಡವಾಯಿತು, ಬೈಯಬೇಡ. ಯುಗಾದಿ ಮುಗಿದ ಕೂಡಲೇ ಅಂಗನವಾಡಿಯ ಮಕ್ಕಳನ್ನೆಲ್ಲ ತೂಕ ಮಾಡಿ ಬರೆಯಬೇಕಿತ್ತು. ಒಂದೊಂದು ಮಗುವೂ ತಕ್ಕಡಿಯಲ್ಲಿ ಕೂರುವ ಮೊದಲೇ ಊರು ಒಂದಾಗುವಂತೆ ಅಳುತ್ತದೆ. ಮನೆಗೆ ಬಂದರೆ ಕೈಯಲ್ಲಿ ಪೆನ್ನು ಹಿಡಿಯುವ ತ್ರಾಣ ಇರುತ್ತಿರಲಿಲ್ಲ. ನಮ್ಮ ಕೆಂದಾಕಳು ಹೆಣ್ಣುಗರು ಹಾಕಿದೆ. ಹಣೆಯ ಮೇಲೆ ಬಿಳಿ ಬೊಟ್ಟಿದೆ. ನೀನು ಬಂದು ಹೆಸರಿಡುವ ತನಕ ಅದಕ್ಕೆ ಹೆಸರಿಲ್ಲ.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಿಮ್ಮ ಆರ್ಕೆಸ್ಟ್ರಾ ನಡೆಸುವ ಸುಂದ್ರಮ್ಮನವರು ಆ ಉದ್ದನೆಯ ಚೀಲವನ್ನು ನಿನಗೆ ಕೊಟ್ಟಿರುತ್ತಾರೆ. ಬಿಚ್ಚಿ ನೋಡಿದ್ದೀ, ಮುಖ ಊದಿಸಿಕೊಂಡು ಹಾಸ್ಟೆಲ್ಲಿನ ಮಂಚದ ಮೇಲೆ ಕೂತಿದ್ದೀ. ನನಗೆ ಇಲ್ಲಿಂದಲೇ ಕಾಣುತ್ತದೆ. ಕಪ್ಪು ಬೇಕೆಂದು ಬರೆದರೆ ಕಂದು ಬಣ್ಣದ್ದು ಬಂದಿದೆ. ಹಗುರದ್ದು ಕೇಳಿದರೆ ಭಾರದ್ದು ಬಂದಿದೆ. ಅಂಗಡಿಯವರು ನಮಗೆ ಮೋಸ ಮಾಡಲಿಲ್ಲ, ನಿಮ್ಮಪ್ಪ ಹಟವನ್ನೂ ಹಿಡಿಯಲಿಲ್ಲ. ಆರಿಸಿದವಳು ನಾನು. ಬೈಯುವುದಿದ್ದರೆ ನನ್ನನ್ನೇ ಬೈ, ಆದರೆ ಕಾಗದ ಪೂರ್ತಿ ಓದಿ ಆಮೇಲೆ ಬೈ.

ನಿನಗೆ ಇದು ಎಷ್ಟು ಅವಸರದ್ದು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಎರವಲು ತಂದಿದ್ದ ಆ ದಪ್ಪ ದನಿಯ ಬೇಸ್ ಗಿಟಾರನ್ನು ಅದರ ಧಣಿ ತಿರುಗಿ ಒಯ್ದ. ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿಯಲ್ಲಿ ನಿಮ್ಮ ಹೆಣ್ಣುಮಕ್ಕಳ ಆರ್ಕೆಸ್ಟ್ರಾದ ಕಾರ್ಯಕ್ರಮ. ಅಷ್ಟರೊಳಗೆ ನಿನ್ನದೇ ವಾದ್ಯ ಇಲ್ಲದಿದ್ದರೆ ಕೀಬೋರ್ಡಿನ ಹುಡುಗಿಯೇ ಎಡಗೈಯಲ್ಲಿ ಬೇಸ್ ಬಾರಿಸುತ್ತಾಳೆ, ಬಾಲಮ್ಮ ಕೆಳಗೆ ಕೂತು ಚಪ್ಪಾಳೆ ತಟ್ಟಲಿ ಅಂತ ಸುಂದ್ರಮ್ಮನವರು ಅಂದರಂತೆ. ನಿನಗೋ ಟೀಚರ್ ಟ್ರೇನಿಂಗಿನ ಪಾಠ ಬೋಧನೆಯ ಪರೀಕ್ಷೆ, ಒಂದು ದಿನ ರಜೆಯಿಲ್ಲ. ಅದಕ್ಕೇ ನನಗೆ ನಾಲ್ಕು ಪುಟ ಬರೆದೆ. ನನಗೆ ಮಾತ್ರ. ದಸರೆಯಿಂದ ಈಚೆಗೆ ನಿನ್ನ ಕಾಗದಗಳಲ್ಲಿ ಅಪ್ಪನ ಹೆಸರೇ ಇಲ್ಲ. ಅವರು ದಿನಾ ಪೋಸ್ಟಿನವನ ದಾರಿ ಕಾಯುತ್ತಾರೆ, ನಾನು ಓದಿ ಮುಗಿಸಿದ ಮೇಲೆ ಕಾಗದ ತಗೊಂಡು ತಾವೂ ಓದುತ್ತಾರೆ, ಮಡಚಿ ಕೊಡುತ್ತಾರೆ.

ನಿನ್ನ ನಾಲ್ಕು ಪುಟ ಹಿಡಿದುಕೊಂಡೇ ಯಾದಗಿರಿಗೆ ಹೋದೆವು. ನಿಮ್ಮಪ್ಪ, ಇಂಜಿನಿಯರ್ ಸಾಹೇಬರು ಕಾಲುವೆ ನೋಡಲು ಬಂದಾಗ ಮಾತ್ರ ತೊಡುವ ಗಂಜಿ ಹಾಕಿದ ಅಂಗಿ ತೊಟ್ಟಿದ್ದರು. ಗಿಟಾರ್ ಕೊಳ್ಳಲು ಹೊರಟವರೋ ಹೆಣ್ಣು ನೋಡಲು ಹೊರಟವರೋ ಅಂತ ನಾನು ಚಾಷ್ಟಿ ಮಾಡಿದೆ. ಸ್ಟೇಷನ್ ರಸ್ತೆಯ ಜಲಾಲುದ್ದೀನ ಸಾಹೇಬರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮದುವೆ ಬ್ಯಾಂಡಿನ ತುತ್ತೂರಿಗಳನ್ನು ಬಾಗಿಲಿಗೇ ತೋರಣದ ಹಾಗೆ ನೇತುಹಾಕಿದ್ದಾರೆ. ಒಳ್ಳೆಯ ಮನುಷ್ಯ, ಬಂದ ಕೂಡಲೇ ಚಹಾ ತರಿಸಿದರು.

ಹೈದರಾಬಾದಿನಿಂದ ತರಿಸಿದ ನಾಲ್ಕು ತಂತಿಯ ಬೇಸುಗಳು ನಾಲ್ಕಿದ್ದವು. ಒಂದು ಕೆಂಪನೆಯದು, ಲಾರಿಯ ಹಿಂದಿನ ದೀಪದ ಹಾಗೆ ಮಿರಮಿರ. ನೀನು ಹೇಳಿಕೊಟ್ಟಂತೆ ನಾನು ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯ ಉದ್ದಕ್ಕೂ ನೋಡಿದೆ. ನಡುವೆ ಬಾಗಿತ್ತು. ಒತ್ತಿ ಮೀಟಿದರೆ ತಂತಿ ಅಡ್ಡಪಟ್ಟಿಗೆ ಬಡಿದು ಜಿರ್ರೆನ್ನುತ್ತಿತ್ತು. ಸಸ್ತಾ ಸಿಗುತ್ತದೆ, ಆದರೆ ಎರಡು ಬೇಸಿಗೆಯಲ್ಲಿ ಬಿಲ್ಲಾಗುತ್ತದೆ ಅಂತ ಸಾಹೇಬರೇ ಒಪ್ಪಿಕೊಂಡರು. ಇನ್ನೊಂದು ಜಪಾನಿನದು, ಯಾವುದೋ ದೊಡ್ಡ ಆರ್ಕೆಸ್ಟ್ರಾದವರು ಬಾರಿಸಿ ಬಿಟ್ಟದ್ದು. ಅದನ್ನು ನಾನು ಮುಟ್ಟಲೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಉಳಿದವು ನಡುದರದವು, ಎರಡು. ಒಂದು ನೀನು ಬರೆದಂಥದೇ ಕಪ್ಪು. ತೆಳ್ಳನೆಯ ಕುತ್ತಿಗೆ, ಹಗುರ ಮೈ, ಗುಂಡಿ ತಿರುಗಿಸಿದರೆ ಗೊರಗೊರ ಇಲ್ಲ. ಇನ್ನೊಂದು ಈ ಕಂದು. ಕುತ್ತಿಗೆ ದಪ್ಪ, ಎತ್ತಿದರೆ ಕೈ ಜಗ್ಗುತ್ತದೆ. ದರ ಎರಡಕ್ಕೂ ನೀನು ಹಾಕಿದ ಗೆರೆಯ ಒಳಗೇ. ನಾನು ಕಪ್ಪನ್ನೇ ಕಟ್ಟಿಸಬೇಕೆಂದು ಸೆರಗಿನ ಗಂಟಿಗೆ ಕೈ ಹಾಕಿದ್ದೆ. ಸಾಹೇಬರು, ಎರಡನ್ನೂ ಒಮ್ಮೆ ಪೆಟ್ಟಿಗೆಗೆ ಹಚ್ಚಿ ಕೇಳಿಸುತ್ತೇನೆ, ಕೇಳದೆ ಒಯ್ಯಬಾರದು ಅಂತ ತಡೆದರು. ಪೆಟ್ಟಿಗೆ ಅಂದರೆ ಆ ಸ್ಪೀಕರ್, ನನ್ನ ಸೊಂಟದೆತ್ತರ ಇತ್ತು.

ಕಪ್ಪನ್ನು ಬಾರಿಸಿದರು. ಚಂದ ಇತ್ತು, ಸ್ವರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹೇಗಿದೆ ಅಂತ ನಿಮ್ಮಪ್ಪನನ್ನು ಕೇಳಿದರೆ, “ಹೌದ್ರಿ, ಛಲೋ ಅದ” ಅಂದು ಎದ್ದು ಬಾಗಿಲಲ್ಲಿ ನಿಂತು ರಸ್ತೆಯ ಬಸ್ಸು ನೋಡತೊಡಗಿದರು. ನನಗೆ ಆ ಹೌದ್ರಿ ಗೊತ್ತು. ನಿನಗೂ ಗೊತ್ತು. ದಸರೆಯಲ್ಲಿ ನೀನು ಕುಣಿಯುತ್ತಾ ಬಂದು ಆರ್ಕೆಸ್ಟ್ರಾ ಸೇರಿದ್ದೇನೆ, ಊರೂರು ತಿರುಗಬೇಕಾಗುತ್ತದೆ, ಹೋಗಲೇ ಅಪ್ಪಾ ಅಂತ ಕೇಳಿದಾಗ “ಹೌದು, ನೋಡೋಣು” ಅಂದು ಎದ್ದು ಕಾಲುವೆಯ ಗೇಟಿನ ಕಡೆ ಹೋದರಲ್ಲ, ಅದೇ ಹೌದು. ಅಪ್ಪನ ಮುಂದೆ ಮಾತಾಡುವುದೂ ಒಂದೇ ಗೋಡೆಯ ಮುಂದೆ ಮಾತಾಡುವುದೂ ಒಂದೇ ಅಂತ ನೀನು ಅಂದು ಚೀಲ ಎತ್ತಿಕೊಂಡು ಸುರಪುರದ ಬಸ್ಸು ಹತ್ತಿದೆ.

ಆಮೇಲೆ ಸಾಹೇಬರು ಕಂದು ಬಣ್ಣದ್ದಕ್ಕೆ ವೈರು ಹಚ್ಚಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿಂದ ಎಳೆದು ಬಿಟ್ಟರು. ನನ್ನ ಕೈಯಲ್ಲಿದ್ದ ಬಸಿಯಲ್ಲಿ ಚಹಾ ಅಲುಗಿತು. ನಿಮ್ಮಪ್ಪ ನಮಗೆ ಬೆನ್ನು ಮಾಡಿ ನಿಂತಿದ್ದರು, ಬಾಲಿ. ರಸ್ತೆ ನೋಡುತ್ತಿದ್ದರು. ಅವರು ತಿರುಗಿದರು. ಯಾರೋ ಹೆಸರು ಹಿಡಿದು ಕರೆದಂತೆ ತಿರುಗಿ, ಒಳಗೆ ಬಂದು, ಪೆಟ್ಟಿಗೆಯ ಮುಂದೆ ಕೆಳಗೇ ಕೂತರು.

“ಇನ್ನೊಮ್ಮಿ ಬಾರಸ್ರಿ,” ಅಂದರು.

ಈ ಮಾತು ಅವರ ಬಾಯಿಂದ ಕೇಳಿ ನನಗೆ ಎಷ್ಟೋ ವರ್ಷವಾಗಿತ್ತು. ಕಿವಿ ಕೇಳುವವರು ಇನ್ನೊಮ್ಮೆ ಹೇಳಿ ಅಂತ ಧೈರ್ಯವಾಗಿ ಕೇಳುತ್ತಾರೆ. ಕಿವಿ ಕೇಳದ್ದನ್ನು ಮುಚ್ಚಿಟ್ಟುಕೊಂಡವರು ಎಂದೂ ಹಾಗೆ ಕೇಳುವುದಿಲ್ಲ.

ಈಗ ನಾನು ನಿನಗೆ ಹೇಳಬಾರದೆಂದು ಅವರು ಆಣೆ ಹಾಕಿಸಿಕೊಂಡದ್ದನ್ನು ಹೇಳುತ್ತಿದ್ದೇನೆ. ಅಪ್ಪನ ಕಿವಿ ಸ್ವಲ್ಪ ಮಂದ ಅಂತ ನಿನಗೆ ಗೊತ್ತು. ಸ್ವಲ್ಪ ಅಲ್ಲ ಮಗಳೇ. ಕಾಲುವೆ ತೋಡುವಾಗ ಬಂಡೆ ಸಿಡಿಸುವ ಗ್ಯಾಂಗಿನಲ್ಲಿ ಮದ್ದು ತುಂಬುತ್ತಿದ್ದರಲ್ಲ, ದಿನಾ ಆ ಸಪ್ಪಳದಲ್ಲೇ ನಿಂತು ಒಂದು ಕಿವಿ ಪೂರ್ತಿ ಹೋಯಿತು. ಇನ್ನೊಂದರಲ್ಲಿ ದಪ್ಪನೆಯ ಸಪ್ಪಳ ಮಾತ್ರ ಉಳಿಯಿತು, ಗೇಟಿನ ಕೆಳಗೆ ನೀರು ಬೀಳುವುದು, ಲಾರಿ ಹೊರಡುವುದು, ಹಲಗೆ ಬಡಿಯುವುದು, ಅಂಥವು. ಮಾತು ಒಂದೂ ಕೇಳುವುದಿಲ್ಲ. ತುಟಿ ನೋಡಿ ಊಹೆ ಮಾಡುತ್ತಾರೆ. ನೀನು ಗಾಳಿಗಿಂತ ವೇಗವಾಗಿ ಮಾತಾಡುತ್ತೀ, ಆ ಕಡೆ ಈ ಕಡೆ ತಿರುಗುತ್ತಲೇ ಇರುತ್ತೀ, ನಿನ್ನ ತುಟಿ ಅವರಿಗೆ ಸಿಗುವುದೇ ಇಲ್ಲ.

ಆ ಕೆಲಸ ಮುಗಿದ ಮೇಲೆ ಗೇಟು ಕಾಯುವ ಈ ನೌಕರಿ ಸಿಕ್ಕಿತು. ಕಿವುಡ ಅಂತ ಆಫೀಸಿಗೆ ತಿಳಿದರೆ ಗೇಟಿನ ಕೀಲಿ ಕೈಯಲ್ಲಿ ಬಿಡುತ್ತಾರೆಯೇ? ಅದಕ್ಕೇ ವೈರ್‌ಲೆಸ್ಸಿನಲ್ಲಿ ಬಂದ ಮಾತನ್ನು ನಾನು ಕೇಳಿಸಿಕೊಂಡು ಕಿಟಕಿಯಿಂದ ಬೆರಳು ತೋರಿಸುತ್ತೇನೆ. ಎಷ್ಟು ಬೆರಳೋ ಅಷ್ಟು ಅಂಗುಲ ಗೇಟು ಏಳುತ್ತದೆ. ಮುಷ್ಟಿ ಹಿಡಿದರೆ ಬಂದ್. ನೀನು ಚಿಕ್ಕವಳಿದ್ದಾಗ ಅದನ್ನು ನಮ್ಮಿಬ್ಬರ ಆಟ ಅಂದುಕೊಂಡು, ನಡುವೆ ನಿಂತು ನಿನ್ನ ಹತ್ತೂ ಬೆರಳು ತೋರಿಸುತ್ತಿದ್ದೆ. ಅವರು ನಿನಗೆ ಬೆನ್ನು ಮಾಡಿ ನಗುತ್ತಿದ್ದರು. ಇಲ್ಲಿಯತನಕ ಒಂದು ಹೊಲಕ್ಕೂ ನೀರು ತಪ್ಪಿಲ್ಲ, ಒಂದು ಒಡ್ಡೂ ಒಡೆದಿಲ್ಲ. ಅವರ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ನಿನಗೆ ಹೇಳದಿದ್ದುದು ಮೊದಲು ನೀನು ಕೂಸು, ಕ್ಯಾಂಪಿನಲ್ಲಿ ಎಲ್ಲಾದರೂ ಬಾಯಿ ಬಿಟ್ಟೀಯೆ ಅಂತ. ಆಮೇಲೆ ನೀನು ದೊಡ್ಡವಳಾದೆ, ಮುಚ್ಚಿಡುವುದೇ ಅವರಿಗೆ ರೂಢಿಯಾಗಿ ಹೋಗಿತ್ತು.

ಅಂಗಡಿಯಲ್ಲಿ ಜಲಾಲುದ್ದೀನ ಸಾಹೇಬರಿಗೆ ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ. ಗಿರಾಕಿ ಬಂದು ನಿಂತರೂ ಲಕ್ಷ್ಯ ಕೊಡದೆ ಒಂದೇ ಹದದಲ್ಲಿ ಬಾರಿಸುತ್ತಾ ಹೋದರು. ನಿಮ್ಮಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ಮುಚ್ಚಿದರೆ ಅವರಿಗೆ ಜಗತ್ತೇ ಇಲ್ಲ, ಆದ್ದರಿಂದ ಎಂದೂ ಹಗಲಲ್ಲಿ ಕಣ್ಣು ಮುಚ್ಚುವವರಲ್ಲ. ಸಾಹೇಬರು ಕಪ್ಪನ್ನು ಮತ್ತೊಮ್ಮೆ ಹಚ್ಚಿ ನೋಡಿದರು. ಅದರ ದನಿ ನಿಮ್ಮಪ್ಪನಿಗೆ ಅಷ್ಟಾಗಿ ಮುಟ್ಟಲಿಲ್ಲ, ಕಣ್ಣು ತೆರೆದು ಬಿಟ್ಟರು. ಮತ್ತೆ ಕಂದು. ಮತ್ತೆ ಕಣ್ಣು ಮುಚ್ಚಿತು.

ಸಾಹೇಬರು ನನ್ನ ಕಡೆ ತಿರುಗಿ ಮುಚ್ಚುಮರೆ ಇಲ್ಲದೆ ಹೇಳಿದರು. ಇದು ಭಾರ, ಮೂರು ತಾಸು ಕೊರಳಿಗೆ ಹಾಕಿಕೊಂಡು ನಿಂತರೆ ಹುಡುಗಿಯ ಭುಜ ಸೋಲುತ್ತದೆ, ಕೈ ಸಣ್ಣದಿದ್ದರೆ ಬೆರಳು ಚಾಚಲು ಮೊದಮೊದಲು ತ್ರಾಸು. ನಿಮ್ಮಪ್ಪ ಅವರ ತುಟಿ ನೋಡುತ್ತಿದ್ದವರು ತಟ್ಟನೆ ಎದ್ದರು.

“ಕರೀದ ಕಟ್ಟಸು. ಬಾರಸಾಕಿ ಅಕಿ. ನಂದೇನದ ಇದರಾಗ,” ಅಂದರು.

ನಿನ್ನ ಭುಜ ಒಂದು ಕಡೆ, ಅವರ ಕಿವಿ ಒಂದು ಕಡೆ. ನಾನು ತಾಯಿಯೂ ಹೌದು, ಹೆಂಡತಿಯೂ ಹೌದು. ಆ ಹೊತ್ತಿಗೆ ಹೆಂಡತಿ ಗೆದ್ದಳು. ಕಂದು ಗಿಟಾರನ್ನೇ ಕಟ್ಟಿಸಿಬಿಟ್ಟೆ. ಅವರು ಬೇಡ ಬೇಡ ಅಂತ ಮೆಟ್ಟಿಲ ತನಕ ಅಂದರು, ಆಮೇಲೆ ಚೀಲವನ್ನು ನನ್ನ ಕೈಗೆ ಕೊಡದೆ ತಾವೇ ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಕೂತರು. ಸುರಪುರದಲ್ಲಿ ಇಳಿದು ನಿನ್ನ ಹಾಸ್ಟೆಲ್ಲಿಗೆ ಬಂದರೆ ನೀನು ಪಾಠ ಮಾಡಲು ಯಾವುದೋ ಹಳ್ಳಿಗೆ ಹೋಗಿದ್ದೆ. ಕಾವಲಿನವನು ಏನೇನೋ ಕೇಳಿದ, ಇವರು ಎಲ್ಲಕ್ಕೂ ಹೌದ್ರಿ ಹೌದ್ರಿ ಅಂದರು. ನೀವು ಹುಡುಗಿಯ ಚಿಕ್ಕಪ್ಪನೇ ಅಂದದ್ದಕ್ಕೂ ಹೌದ್ರಿ. ನಾನು ಹಣೆ ಚಚ್ಚಿಕೊಂಡೆ. ಕತ್ತಲಾಗುವ ತನಕ ಕಾದು ಸುಂದ್ರಮ್ಮನವರ ಮನೆಯಲ್ಲಿ ಇಟ್ಟು ಕಡೆಯ ಬಸ್ಸು ಹಿಡಿದೆವು.

ಈಗ ತೀರ್ಮಾನ ನಿನ್ನದು. ಈ ತಿಂಗಳು ಮುಗಿಯುವುದರೊಳಗೆ ಒಯ್ದರೆ ಬದಲಿಗೆ ಕಪ್ಪನ್ನು ಕೊಡುತ್ತೇನೆ, ಅಲ್ಲಿಯತನಕ ಮಾರುವುದಿಲ್ಲ ಅಂತ ಸಾಹೇಬರು ಮಾತು ಕೊಟ್ಟಿದ್ದಾರೆ. ನೀನು ಬದಲಿಸಿದರೆ ನಾನು ಮುನಿಸಿಕೊಳ್ಳುವುದಿಲ್ಲ. ಬಾರಿಸುವುದು ನಿನ್ನ ಕೈ, ನೋಯುವುದು ನಿನ್ನ ಭುಜ. ಅಪ್ಪನ ಮೇಲಿನ ಮರುಕಕ್ಕೆ ಬಿದ್ದು ತಪ್ಪು ವಾದ್ಯ ಹೊತ್ತು ವೇದಿಕೆಯಲ್ಲಿ ಬೆರಳು ತಡವರಿಸಿದರೆ ಅದನ್ನೂ ನಾನು ಒಪ್ಪುವುದಿಲ್ಲ. ಇಷ್ಟು ಉದ್ದ ಬರೆದು ಹೀಗೆ ಅನ್ನುವುದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ ಅಂತ ನೀನು ಅನ್ನುತ್ತೀ. ಇರಬಹುದು. ಆದರೂ ಒಮ್ಮೆ ಕೊರಳಿಗೆ ಹಾಕಿ ನೋಡು. ನಾಲ್ಕು ದಿನ ಬಾರಿಸಿ ನೋಡು. ಆಮೇಲೆ ನಿನ್ನ ಮನಸ್ಸು ಏನು ಹೇಳುತ್ತದೋ ಹಾಗೆ ಮಾಡು.

ಹದಿನಾಲ್ಕಕ್ಕೆ ಅವರನ್ನು ಕರೆದುಕೊಂಡು ಬರಲೋ ಬೇಡವೋ ಅಂತಲೂ ಬರೆ. ನೀನು ಕರೆದರೆ ಬರುತ್ತಾರೆ, ಕರೆಯದೆ ಬರುವುದಿಲ್ಲ. ಆ ಹಟ ನಿನಗೆ ಎಲ್ಲಿಂದ ಬಂತು ಅಂತ ಯಾರೂ ಹುಡುಕಬೇಕಾಗಿಲ್ಲ. ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ, ನೀನೂ ಗೊತ್ತಿಲ್ಲದ ಹಾಗೇ ಇರು.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಚ್ಚಿಕೋ, ಪರೀಕ್ಷೆಯಲ್ಲಿ ಮಕ್ಕಳಿಗೆ ಸಿಟ್ಟು ಮಾಡಬೇಡ. ಬುದ್ಧನ ಕರುಣೆಯೂ ಬಾಬಾಸಾಹೇಬರ ಧೈರ್ಯವೂ ನಿನ್ನ ಬೆನ್ನಿಗಿರಲಿ. ನಿನ್ನ ಬೆರಳು ಸೋಲದಿರಲಿ.

ನಿನ್ನ ಅವ್ವ,
ದೇವಕಮ್ಮ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ಅಂಟು ಹಚ್ಚುವ ಮುಂಚೆ ಮತ್ತೆ ಬಿಚ್ಚಿದ್ದೇನೆ. ಅವತ್ತು ಸುರಪುರದಿಂದ ಹುಣಸಗಿಗೆ ಬರುವಾಗ ಕತ್ತಲಾಗಿತ್ತು. ನಿಮ್ಮಪ್ಪ, “ದೇವಕಿ, ಬಾಲಿ ದನಿ ಈಗ ಹ್ಯಾಂಗ ಅದ?” ಅಂತ ಕೇಳಿದರು. ತಮ್ಮ ದನಿ ಎಷ್ಟು ಜೋರು ಅಂತ ಅವರಿಗೆ ತಿಳಿಯುವುದಿಲ್ಲವಲ್ಲ, ಇಡೀ ಬಸ್ಸು ತಿರುಗಿ ನೋಡಿತು. ಏನಂತ ಹೇಳಲಿ? ತುಟಿ ನೋಡಿ ತಿಳಿಯಲು ಬಸ್ಸಿನಲ್ಲಿ ಬೆಳಕಿರಲಿಲ್ಲ, ಬೆರಳಲ್ಲಿ ತೋರಿಸಲು ಅದೇನು ನೀರಿನ ಅಳತೆಯೇ? ನಾನು ಅವರ ಕೈ ಹಿಡಿದುಕೊಂಡು ಕೂತೆ. ನನಗೆ ಹೇಳಲಾಗದ್ದು ಅವರಿಗೆ ತಿಳಿಯಿತೋ ಏನೋ, ತಾವೇ ಅಂದರು, “ನನ್ನ ಕಿವ್ಯಾಗ ಅಕಿ ಇನ್ನಾ ಮೂರನೇ ಕ್ಲಾಸಿನಾಗೇ ಅದಾಳ.”